ಹೆಸರು ಹೇಳದೆ ಹೋದ ಹಿರಿಯರಿಗೆ

ನೀರಿನ ದಂಡೆಯಲ್ಲಿ ನನ್ನ ಪಕ್ಕ ಕುಳಿತು ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಈ ಕೃತಜ್ಞತೆ ಹೇಗಾದರೂ ನಿಮ್ಮನ್ನು ತಲುಪಲಿ.

ಜೋಡಿ ಬೆಳ್ಳಕ್ಕಿಗಳಲ್ಲಿ ಒಂದರ ಕಣ್ಣು ಸ್ಫುಟವಾಗಿ ಬಂದರೆ ಇನ್ನೊಂದರದು ಮಸುಕಾಗುತ್ತಿತ್ತು. ಕೇಳದಿದ್ದರೂ ನೀವೇ ಲೆಕ್ಕ ಬಿಡಿಸಿ ಹೇಳಿದಿರಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 500 ಮಿ.ಮೀ. ಲೆನ್ಸ್, 20 ಮೀಟರ್ ದೂರ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್ 5.6 ಇದ್ದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಅರ್ಧ ಮೀಟರ್ ಅಷ್ಟೇ. ಕಿಂಡಿ ಕಿರಿದಾಗಿಸಿ ಎಫ್ 11ಕ್ಕೆ ಹೋದರೆ ಅದು ಹೆಚ್ಚುಕಡಿಮೆ ಒಂದು ಮೀಟರ್ ಆಗುತ್ತದೆ. ಆದರೆ ಬೆಳಕು ಕಾಲುಭಾಗಕ್ಕೆ ಇಳಿಯುವುದರಿಂದ, ಶಟರ್ ವೇಗ ಉಳಿಸಿಕೊಳ್ಳಲು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಲೇಬೇಕು. "ಅದರಿಂದ ಚಿತ್ರ ತುಸು ತರಿತರಿಯಾದರೆ ಆಮೇಲೆ ಸರಿಪಡಿಸಬಹುದು, ಫೋಕಸ್ ತಪ್ಪಿದ ಕಣ್ಣಿಗೆ ಮದ್ದಿಲ್ಲ" ಎಂದಿರಿ.

ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದು. ಬಾಗಿಕೊಂಡೇ ಮೆಲ್ಲಗೆ ಎಡಕ್ಕೆ ಸರಿಯಲು ಸನ್ನೆ ಮಾಡಿದಿರಿ. ಹಕ್ಕಿ ಕತ್ತೆತ್ತಿದರೆ ಅಲ್ಲೇ ನಿಲ್ಲಬೇಕೆಂದೂ ಎಚ್ಚರಿಸಿದಿರಿ. ಸರಿದಂತೆಲ್ಲ ಒಂದರ ಹಿಂದೊಂದು ನಿಂತಿದ್ದ ಹಕ್ಕಿಗಳು ಅಕ್ಕಪಕ್ಕವಾಗಿ ಕಂಡವು, ಕ್ಯಾಮೆರಾಕ್ಕೆ ಎರಡೂ ಸಮದೂರ. ಒಂದರ ಕೊಕ್ಕಿನ ತುದಿಯ ನೀರಹನಿ, ಎರಡರ ಕಣ್ಣಿನ ಹಳದಿ ಉಂಗುರ, ಎಲ್ಲವೂ ಒಂದೇ ಚಿತ್ರದಲ್ಲಿ ಕೊರೆದಿಟ್ಟಂತೆ ಮೂಡಿದವು. ಅಪರ್ಚರ್ ಬದಲಿಸುವ ಅಗತ್ಯವೇ ಬೀಳಲಿಲ್ಲ!

ಹಕ್ಕಿಗಳು ಮೂರಿದ್ದು, ಸಮದೂರದಲ್ಲಿ ಸಿಗದಿದ್ದರೆ ಫೋಕಸ್ ನಡುವಿನದಕ್ಕೆ ಎಂಬ ನಿಮ್ಮ ಮಾತನ್ನೂ ಪಾಲಿಸುತ್ತಿದ್ದೇನೆ. ಮತ್ತೆ ಎಲ್ಲಾದರೂ ಸಿಕ್ಕರೆ ದಯವಿಟ್ಟು ಹೆಸರು ಹೇಳಿ, ಆ ಚಿತ್ರದ ಒಂದು ಪ್ರತಿಯನ್ನು ನಿಮಗೆ ಕೊಡಬೇಕಿದೆ.