ಮಂಡಿ ನೋವು ಅನ್ನುವ ಮಕ್ಕಳು ನೆಪ ಹೇಳುತ್ತಿಲ್ಲ

ಮಾನ್ಯ ಸಂಪಾದಕರೇ,

ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಹತ್ತಿರ ಬರುತ್ತಿವೆ. ಅದಕ್ಕೇ ಈ ಪತ್ರ.

ನಾನು ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ. ಹೋದ ವರ್ಷ ನಮ್ಮ ಖೊಖೊ ತಂಡದ ಎಂಟನೇ ಕ್ಲಾಸಿನ ಹುಡುಗ "ಸಾರ್, ಮಂಡಿ ನೋಯ್ತಿದೆ" ಅಂದ. ಬೆಳೆಯೋ ವಯಸ್ಸು, ಓಡು, ಸರಿಹೋಗುತ್ತೆ ಅಂದೆ. ಮತ್ತೆ ಹೇಳಿದಾಗ ನೆಪ ಹೇಳಬೇಡ ಎಂದು ಗದರಿದೆ. ಒಂದು ಸಂಜೆ ಅವನು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುವುದು ಕಣ್ಣಿಗೆ ಬಿತ್ತು. ಕೂರಿಸಿ ನೋಡಿದೆ. ಮಂಡಿಚಿಪ್ಪಿಗಿಂತ ಎರಡು ಬೆರಳು ಕೆಳಗೆ, ಮೂಳೆಯ ಮೇಲೆ ಸಣ್ಣ ನೆಲ್ಲಿಕಾಯಿಯಷ್ಟು ಉಬ್ಬು. ಮುಟ್ಟಿದರೆ ಸಾಕು, ಕಾಲು ಎಳೆದುಕೊಂಡ. ಗದರಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಮೂಳೆ ಡಾಕ್ಟರು ಒತ್ತಿ ನೋಡಿಯೇ ಹೇಳಿದರು, ಇದು ಆಸ್‌ಗುಡ್ ಶ್ಲಾಟರ್ ಅಂತ. 1903ರಲ್ಲಿ ಇದನ್ನು ಬೇರೆ ಬೇರೆಯಾಗಿ ಗುರುತಿಸಿದ ಇಬ್ಬರು ವೈದ್ಯರ ಹೆಸರು ಅದು. ಈ ವಯಸ್ಸಿನಲ್ಲಿ ಮೂಳೆ ಬೇಗ ಉದ್ದವಾಗುತ್ತದೆ, ತೊಡೆಯ ಸ್ನಾಯು ಬಿಗಿಯಾಗುತ್ತದೆ. ಮಂಡಿಯ ಕೆಳಗೆ ಆ ಸ್ನಾಯು ಬಂದು ಹಿಡಿದುಕೊಳ್ಳುವ ಜಾಗ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಓಡಿದರೂ ಜಿಗಿದರೂ ಅಲ್ಲೇ ಜಗ್ಗುತ್ತದೆ. ಖೊಖೊದಲ್ಲಿ ಕೂತಲ್ಲಿಂದ ಚಂಗನೆ ಎದ್ದು ಓಡಬೇಕು, ಅದೂ ದಿನಕ್ಕೆ ಎಷ್ಟು ಸಲ! ಹುಡುಗರಲ್ಲಿ 12ರಿಂದ 15, ಹುಡುಗಿಯರಲ್ಲಿ ಒಂದೆರಡು ವರ್ಷ ಮೊದಲೇ ಇದು ಜಾಸ್ತಿ.

ಆಟ ಪೂರ್ತಿ ಬಿಡಿಸಬೇಕಿಲ್ಲ. ನಾವು ಅವನಿಗೆ ಪೋಲ್ ಡೈವ್ (ಕಂಬದ ಬಳಿ ಮುಂದಕ್ಕೆ ಹಾರಿ ಬೀಳುವುದು) ಬಿಡಿಸಿದೆವು, ಓಟ ಅರ್ಧಕ್ಕಿಳಿಸಿದೆವು. ಆಡಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸು, ಹದಿನೈದು ನಿಮಿಷ. ದಿನಾ ತೊಡೆಯ ಮುಂದಿನ, ಹಿಂದಿನ ಸ್ನಾಯು ನಿಧಾನವಾಗಿ ಹಿಗ್ಗಿಸುವ ವ್ಯಾಯಾಮ. ಅವನ ಅಜ್ಜಿ ಎಣ್ಣೆ ಹಚ್ಚಿ ಆ ಉಬ್ಬನ್ನೇ ಗಟ್ಟಿಯಾಗಿ ತಿಕ್ಕುತ್ತಿದ್ದರು, ಅದನ್ನು ನಿಲ್ಲಿಸಿ ಅಂತ ಮನೆಗೇ ಹೋಗಿ ಹೇಳಿಬಂದೆ. ನೋವು ಬಂದು ಹೋಗಿ ಮಾಡುತ್ತಾ ಒಂದೆರಡು ವರ್ಷ ಇರಬಹುದು. ಬೆಳವಣಿಗೆ ನಿಂತ ಮೇಲೆ ಹೆಚ್ಚಿನವರಿಗೆ ಹೋಗುತ್ತದೆ. ಉಬ್ಬು ಉಳಿದರೂ ಸಾಮಾನ್ಯವಾಗಿ ತೊಂದರೆ ಇಲ್ಲ.

ಆದರೆ ಎಲ್ಲ ಮಂಡಿನೋವೂ ಇದೇ ಅಲ್ಲ. ರಾತ್ರಿ ನಿದ್ದೆಗೆಡಿಸುವ ನೋವು, ಇಡೀ ಮಂಡಿಯ ಊತ, ಜ್ವರ ಇದ್ದರೆ ಕಾಯಬೇಡಿ. ಮಗು ಕುಂಟುತ್ತಿದ್ದರೆ, ಪಾದ ಹೊರಕ್ಕೆ ತಿರುಗಿದ್ದರೆ, ಕಾಲೂರಲು ಆಗದಿದ್ದರೆ ಅವತ್ತೇ ತೋರಿಸಿ. ತೊಡೆಸಂದಿನ ಕೀಲಿನಲ್ಲಿ ಮೂಳೆ ಜಾರಿದರೂ ಕೆಲವು ಮಕ್ಕಳು ತೋರಿಸುವುದು ಮಂಡಿಯನ್ನೇ!

ಕೂಟ ನಡೆಸುವವರಲ್ಲಿ, ನನ್ನ ಜೊತೆಯ ಶಿಕ್ಷಕರಲ್ಲಿ ಒಂದು ಕೋರಿಕೆ. ಚೆನ್ನಾಗಿ ಆಡುವ ಮಗು ಅಂತ ಒಂದೇ ದಿನ ಖೊಖೊ, ಉದ್ದ ಜಿಗಿತ, 400 ಮೀಟರ್ ಓಟ ಎಲ್ಲಕ್ಕೂ ಅದನ್ನೇ ಇಳಿಸಬೇಡಿ. ಇಳಿಸುವ ಮೊದಲು ಮಂಡಿ ಹೇಗಿದೆ ಅಂತ ಒಮ್ಮೆ ಕೇಳಿ.

– ಒಬ್ಬ ದೈಹಿಕ ಶಿಕ್ಷಕ, ತುಮಕೂರು ಜಿಲ್ಲೆ