ಚುಚ್ಚುಮದ್ದು ಶುರುವಾಗುವ ಮುನ್ನ, ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನ ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಮಾತ್ರೆ ಸಾಲುತ್ತಿಲ್ಲ, ಅಡಾಲಿಮುಮ್ಯಾಬ್ ಚುಚ್ಚುಮದ್ದು ಶುರುಮಾಡೋಣ ಎಂದು ಡಾಕ್ಟರು ಹೇಳಿದರೆಂದು ಅಪ್ಪ ತಿಳಿಸಿದರು. ಬೆಳಿಗ್ಗೆ ಬಾಚಣಿಗೆ ಹಿಡಿಯಲೂ ಆಗದ ನಿನ್ನ ಬೆರಳುಗಳನ್ನು ಕಂಡವಳು ನಾನು. ಔಷಧಿ ಬೇಡ ಎನ್ನುವುದಿಲ್ಲ. ಸಂಧಿವಾತದಲ್ಲಿ ಕೀಲು ಒಮ್ಮೆ ಸವೆದರೆ ಮೊದಲಿನಂತಾಗುವುದಿಲ್ಲ. ಆದರೆ ಚಿಕ್ಕಂದಿನಲ್ಲಿ ನೀನು ಅಜ್ಜನ ಪಕ್ಕದಲ್ಲೇ ಮಲಗುತ್ತಿದ್ದೆ, ಆಗ ಅವರಿಗೆ ಕ್ಷಯವಿತ್ತು ಎಂಬುದನ್ನು ಡಾಕ್ಟರಿಗೆ ಹೇಳಲೇಬೇಕು. ನಿನಗೆ ನೆನಪಿರಲಾರದು.

ಅಜ್ಜ ಗುಣವಾದರು, ನಿನಗೂ ಏನೂ ಆಗಲಿಲ್ಲ. ಆದರೆ ಕ್ಷಯದ ರೋಗಾಣು ಒಳಹೊಕ್ಕ ಮೇಲೆ ಯಾವ ಲಕ್ಷಣವನ್ನೂ ತೋರದೆ ದಶಕಗಟ್ಟಲೆ ಇರಬಲ್ಲದು. ದೇಹದ ರಕ್ಷಕ ಕಣಗಳು ಅದರ ಸುತ್ತ ಕೋಟೆ ಕಟ್ಟಿರುತ್ತವೆ. ಆ ಕೋಟೆ ನಿಲ್ಲಲು ಟಿಎನ್‌ಎಫ್ ಎಂಬ ಪ್ರೋಟೀನು ಬೇಕು. ನಿನ್ನ ಕೀಲುಗಳ ಉರಿಯೂತದ ಹಿಂದಿರುವುದೂ ಅದೇ, ಈ ಚುಚ್ಚುಮದ್ದು ತಡೆಯುವುದೂ ಅದನ್ನೇ. ಇದೇ ಗುಂಪಿನ ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ 70 ಕ್ಷಯ ಪ್ರಕರಣಗಳು 2001ರಲ್ಲಿ ವರದಿಯಾದವು. ಹೆಚ್ಚಿನವು ಚಿಕಿತ್ಸೆ ಶುರುವಾದ ಕೆಲವೇ ತಿಂಗಳಲ್ಲಿ ಬಂದಿದ್ದವು, ಅರ್ಧಕ್ಕಿಂತ ಹೆಚ್ಚು ಮಂದಿಗೆ ಶ್ವಾಸಕೋಶದ ಹೊರಗೆ ಕಾಣಿಸಿಕೊಂಡಿದ್ದವು. ಹಾಗಾಗಿ ಕೆಮ್ಮಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಕ್ಷಯದ ಸೋಂಕು ಪತ್ತೆಹಚ್ಚುವ ಮಾಂಟೂ ಎಂಬ ಚರ್ಮದ ಪರೀಕ್ಷೆ ಅಥವಾ ಇಗ್ರಾ ಎಂಬ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಜೊತೆಗೆ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಮುಗಿಯದೆ ಮೊದಲ ಡೋಸ್ ತೆಗೆದುಕೊಳ್ಳಬೇಡ. ನೀನು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ನುಂಗುತ್ತಿರುವುದರಿಂದ ಸೋಂಕಿದ್ದರೂ ಮಾಂಟೂ ನೆಗೆಟಿವ್ ಬರಬಹುದು. ಅದಕ್ಕೇ ಅಜ್ಜನ ವಿಷಯ ಅಷ್ಟು ಮುಖ್ಯ. ಸುಪ್ತ ಸೋಂಕು ಕಂಡರೆ ಮೊದಲು ಅದಕ್ಕೆ ಮಾತ್ರೆ ಕೊಡುತ್ತಾರೆ, ಚುಚ್ಚುಮದ್ದು ಕೆಲವು ವಾರ ಮುಂದೆ ಹೋಗುತ್ತದೆ. ನೋವಿನಲ್ಲಿ ಕಾಯುವುದು ಕಷ್ಟ ಎಂದು ಗೊತ್ತು ಕಂದಾ, ಆದರೂ ಕಾಯಬೇಕು.

ಇನ್ನು ಮಳೆಗಾಲದಲ್ಲಿ ಊರಿಗೆ ಬಂದರೆ ನಾಟಿಗೆಂದು ಬರಿಗಾಲಿನಲ್ಲಿ ಗದ್ದೆಗೆ ಇಳಿಯಬೇಡ. ನಮ್ಮ ಕರಾವಳಿಯ ಮಣ್ಣು, ನೀರಿನಲ್ಲಿ ಮೆಲಿಯಾಯ್ಡೋಸಿಸ್ ತರುವ ಬ್ಯಾಕ್ಟೀರಿಯಾ ಇದೆ. ಉಡುಪಿ, ಮಂಗಳೂರಿನ ವೈದ್ಯರಿಗೆ ಇದು ಹೊಸದಲ್ಲ. ಸಕ್ಕರೆ ಕಾಯಿಲೆಯವರಿಗೆ ಹೆಚ್ಚಾಗಿ ಬರುವ ಈ ಸೋಂಕು ಇಂಥ ಔಷಧಿಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಅಪಾಯ. ಒಮ್ಮೊಮ್ಮೆ ಥೇಟ್ ಕ್ಷಯದಂತೆಯೇ ಕಾಣುತ್ತದೆ, ಆದರೆ ಔಷಧಿ ಬೇರೆ. ಬೆಂಗಳೂರಿಗೆ ಮರಳಿದ ಮೇಲೆ ಜ್ವರ ಬಂದರೆ ಊರಿಗೆ ಹೋಗಿದ್ದೆ, ಮಳೆನೀರಿನಲ್ಲಿ ಓಡಾಡಿದ್ದೆ ಎಂದು ನೀನಾಗಿಯೇ ಹೇಳು. ಅವರು ಕೇಳದಿರಬಹುದು.

ಥರ್ಮಾಮೀಟರ್ ಮನೆಯಲ್ಲಿರಲಿ. 100.4 ದಾಟಿದರೆ ಪ್ಯಾರಸಿಟಮಾಲ್ ನುಂಗಿ ನಾಳೆ ನೋಡೋಣ ಎಂದು ಮಲಗಬೇಡ. ಪ್ರೆಡ್ನಿಸೋಲೋನ್ ಜ್ವರವನ್ನೇ ಮರೆಮಾಚಬಲ್ಲದು, ಆದ್ದರಿಂದ ಜ್ವರವಿಲ್ಲದೆಯೂ ವಿಪರೀತ ಸುಸ್ತು, ಉಸಿರುಗಟ್ಟುವಿಕೆ, ತೂಕ ಇಳಿಯುವುದು ಕಂಡರೆ ತಡಮಾಡಬೇಡ. ಹೆದರಿ ಪ್ರೆಡ್ನಿಸೋಲೋನ್ ಅನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ. ಮುಂದಿನ ಚುಚ್ಚುಮದ್ದು ತೆಗೆದುಕೊಳ್ಳಬೇಕೇ, ಬಿಡಬೇಕೇ ಎಂಬುದನ್ನು ಡಾಕ್ಟರನ್ನೇ ಕೇಳು. ಆಸ್ಪತ್ರೆಗೆ ಹೊರಡುವಾಗ ಎಷ್ಟು ರಾತ್ರಿಯಾಗಿದ್ದರೂ ನನಗೊಂದು ಫೋನ್ ಮಾಡು. ಮೊದಲ ಬಸ್ಸಿಗೇ ಹೊರಟು ಬರುತ್ತೇನೆ.

ನಿನ್ನ
ಅಮ್ಮ