ಮತ್ತೆ ಬೂಟು ಕಟ್ಟುವಂತೆ ಮಾಡಿದವರಿಗೆ

ಮೊನ್ನೆ ಭಾನುವಾರ ಫುಟ್‌ಬಾಲ್‌ನಲ್ಲಿ ಪೂರ್ತಿ ಒಂದು ಹಾಫ್ ಆಡಿದೆ. ಗೋಲು ಬರಲಿಲ್ಲ. ಆದರೆ ಮಂಡಿಯನ್ನು ನಂಬಿ ತಿರುಗಿದೆ, ಡಿಫೆಂಡರ್‌ಗೆ ಭುಜ ಕೊಟ್ಟು ಓಡಿದೆ. ಮಂಡಿಯ ಆಪರೇಷನ್ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಥ್ಯಾಂಕ್ಸ್ ಹೇಳುವುದೊಂದು ಬಾಕಿ ಇತ್ತು.

ಅಮ್ಮ, ಅಕ್ಕ, ಫಿಸಿಯೋ ಮೇಡಂ, ಆಫೀಸಿನ ಗೆಳೆಯರು, ನನ್ನ ನಂಬರಿನ ಜರ್ಸಿಯನ್ನು ಯಾರಿಗೂ ಕೊಡದೆ ಎತ್ತಿಟ್ಟಿದ್ದ ತಂಡದ ಹುಡುಗರು, ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಭಾವನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಆಪರೇಷನ್ ಆದ ರಾತ್ರಿ ನನಗೆ ನೋವಿಗಿಂತ ಭಯ ಹೆಚ್ಚಾಗಿತ್ತು. ಬೂಟು ಯಾರಿಗಾದರೂ ಕೊಟ್ಟುಬಿಡಿ ಅಂದೆ. ಭಾವ ಸಮಾಧಾನ ಹೇಳಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಭಾರತ ಫುಟ್‌ಬಾಲ್ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿ ವಿಷಯ ಶುರು ಮಾಡಿದರು. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ಸ್ಟ್ಯಾಂಡ್‌ನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುವವರು ಭಾವ. ಛೆಟ್ರಿಯ ಒಂದೊಂದು ಗೋಲೂ ಬಾಯಿಪಾಠ. ಅವತ್ತು ಮಾತ್ರ ವಿದೇಶದ ವರ್ಷಗಳನ್ನೇ ಹೇಳಿದರು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಛೆಟ್ರಿಯನ್ನು ಕರೆದರೂ, ಭಾರತದ ಫಿಫಾ ರ‍್ಯಾಂಕಿಂಗ್ ಕೆಳಗಿದೆ ಅಂತ ವರ್ಕ್ ಪರ್ಮಿಟ್ ಸಿಗಲಿಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಜಾರ್ಡ್ಸ್ ಸೇರಿದರು, ಅಲ್ಲಿ ಮೇಜರ್ ಲೀಗ್ ಸಾಕರ್‌ನ ಒಂದು ಪಂದ್ಯಕ್ಕೂ ಇಳಿಸಲಿಲ್ಲ. 2012ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್. ಅಲ್ಲೂ ಬಿ ತಂಡ, ಅದರಲ್ಲೂ ಬೆರಳೆಣಿಕೆಯ ಪಂದ್ಯ.

ಮಧ್ಯೆ ಬೆಡ್‌ಪ್ಯಾನ್ ಹಿಡಿದವರೂ ಭಾವನೇ. ನಾನು ನಾಚಿಕೆಯಿಂದ ಗೋಡೆ ಕಡೆ ಮುಖ ಮಾಡಿದೆ. ಅವರು ಲಿಸ್ಬನ್ ಮಾತು ನಿಲ್ಲಿಸಲೇ ಇಲ್ಲ. ಆಗ ಅತ್ತುಬಿಟ್ಟೆ. ಜೋರಾಗಿಯೇ ಅತ್ತೆ. ಪಕ್ಕದ ಬೆಡ್‌ನವರು ಎದ್ದರು. ಭಾವ ನನ್ನ ಪಾದದ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತರು.

ಬೆಳಗಿನ ಜಾವಕ್ಕೆ ಭಾವನ ಕಥೆ ಬೆಂಗಳೂರಿಗೆ ಬಂತು. 2013ರಲ್ಲಿ ಆಗ ತಾನೇ ಹುಟ್ಟಿದ್ದ ಬೆಂಗಳೂರು ಎಫ್‌ಸಿ, ಮೊದಲ ಸೀಸನ್ನಿನಲ್ಲೇ ದೇಶದ ಅಂದಿನ ದೊಡ್ಡ ಲೀಗ್ ಐ-ಲೀಗ್ ಗೆಲುವು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡದ ಮೇಲೆ ಕಂಠೀರವದಲ್ಲಿ ಛೆಟ್ರಿಯ ಎರಡು ಗೋಲು. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ನಮ್ಮದು, ಅಲ್ವಾ! ಅದನ್ನು ಹೇಳುವಾಗ ಭಾವನ ಗಂಟಲೂ ಕಟ್ಟಿತ್ತು.

ಆಮೇಲೆ ನಾನೇ ಲೆಕ್ಕ ಹಾಕಿ ನೋಡಿದೆ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳುವಾಗ ದೇಶಕ್ಕಾಗಿ ಛೆಟ್ರಿ ಹೊಡೆದದ್ದು 94 ಗೋಲು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಲಿಸ್ಬನ್‌ನಿಂದ ವಾಪಸ್ ಬಂದ ಮೇಲಿನವು. ಬೆಂಚಿನ ಮೇಲೆ ಕಳೆದ ಆ ಕಾಲ ದಂಡ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶನಿವಾರ ಆಡಿಸುವುದಿಲ್ಲ ಅಂತ ಗೊತ್ತಿದ್ದೂ ಸೋಮವಾರ ಪ್ರಾಕ್ಟೀಸಿಗೆ ಹೋಗುವುದು ಎಷ್ಟು ಕಷ್ಟ ಅಂತ ಈ ವರ್ಷ ನನಗೆ ಗೊತ್ತಾಯಿತು. ಫಿಸಿಯೋ ರೂಮಿನಲ್ಲಿ ಕಾಲು ಮಡಚಲಾಗದ ದಿನಗಳಲ್ಲಿ ನೆನಪಾಗುತ್ತಿದ್ದದ್ದು ಕಾನ್ಸಾಸ್ ಸಿಟಿಯೇ, ಕಂಠೀರವ ಅಲ್ಲ.

ಛೆಟ್ರಿಯವರೇ, ಆಡಲು ಸಿಗದ ಆ ಪಂದ್ಯಗಳಿಗೂ ಥ್ಯಾಂಕ್ಸ್.

ಭಾವ, ಮುಂದಿನ ಹೋಮ್ ಮ್ಯಾಚಿನ ಟಿಕೆಟ್ ನಾನು ತೆಗೆಸುತ್ತೇನೆ. ವೆಸ್ಟ್ ಬ್ಲಾಕ್‌ನಲ್ಲೇ. ತೊಂಬತ್ತು ನಿಮಿಷವೂ ನಿಂತೇ ನೋಡೋಣ, ಈಗ ಮಂಡಿ ತಡೆಯುತ್ತದೆ.